ಓಗೊಡದವಳು

ಆ ಊರಿನಲ್ಲಿ ನೀವು ಎಲ್ಲಿದ್ದೀರಿ ಅನ್ನುವುದು ನಿಮಗೆ ಗೊತ್ತಿರಬೇಕಾದ ವಿಷಯವೇ ಆಗಿರಲಿಲ್ಲ. ಬುರುಜುಗಳಿಗೆ ಗೊತ್ತಿದ್ದರೆ ಸಾಕಿತ್ತು.

ಬುರುಜುಗಳು ಮೂರು. ಮೂಡಲಿಗೊಂದು, ಪಡುವಣಕ್ಕೊಂದು, ತೆಂಕಣಕ್ಕೊಂದು. ಬೆಳಗಾದರೆ ಕೂಗು, ಹೊತ್ತು ನೆತ್ತಿಗೇರಿದರೆ ಕೂಗು, ಹೊತ್ತು ಇಳಿದರೆ ಕೂಗು. ಒಬ್ಬೊಬ್ಬರನ್ನೇ ಹಿಡಿದು ಮೂರೂ ಬುರುಜುಗಳು "ಎಲ್ಲಿದ್ದೀ..." ಎಂದು ಕೂಗುತ್ತಿದ್ದವು. ಕೂಗಿಸಿಕೊಂಡವರು "ಓ..." ಅನ್ನಬೇಕು. ರೊಟ್ಟಿ ತಟ್ಟುವವಳು ಹಿಟ್ಟಿನ ಕೈಯಲ್ಲೇ ಓ ಅನ್ನಬೇಕು, ಕ್ಷೌರಕ್ಕೆ ಕೂತವನು ಅರ್ಧ ಗಡ್ಡದಲ್ಲೇ ಓ ಅನ್ನಬೇಕು. ಪ್ರತಿ ಬುರುಜಿನ ನೆತ್ತಿಯಲ್ಲಿ ಒಬ್ಬ ಕಿವಿಯವನು ಕೂತಿರುತ್ತಿದ್ದ. ಅವನ ಕಣ್ಣಿಗೆ ಬಟ್ಟೆ ಕಟ್ಟಿರುತ್ತಿತ್ತು. ಕಣ್ಣು ಬಿಟ್ಟರೆ ಕಿವಿ ಕೆಡುತ್ತದೆ ಅಂತ ಅವರ ನಂಬಿಕೆ. ಓ ಜೋರಾಗಿ, ಬೇಗ ಬಂದರೆ ಹತ್ತಿರ ಇದ್ದೀಯ. ಸಣ್ಣಗೆ, ತಡವಾಗಿ ಬಂದರೆ ದೂರ ಇದ್ದೀಯ. ಎಷ್ಟು ದೂರ ಅನ್ನುವುದನ್ನಷ್ಟೇ ಕಿವಿಯವನು ಹೇಳಬಲ್ಲ, ಯಾವ ದಿಕ್ಕಿನಲ್ಲಿ ಅನ್ನುವುದನ್ನು ಹೇಳಲಾರ. ಅದಕ್ಕೇ ಮೂರು ಬುರುಜು.

ಊರ ನಡುವೆ ಒಂದು ಚಾವಡಿ. ಅದರ ನೆಲದ ಮೇಲೆ ಇಡೀ ಊರನ್ನು ರಂಗೋಲಿಯಲ್ಲಿ ಬರೆದಿದ್ದರು. ಕಿವಿಯವರು ಹೇಳಿದಷ್ಟು ಉದ್ದಕ್ಕೆ ಹಗ್ಗ ಹಿಡಿದು, ರಂಗೋಲಿಯ ಒಂದೊಂದು ಬುರುಜಿನ ಸುತ್ತಲೂ ಒಂದೊಂದು ಬಿಳಿ ಬಳೆ ಎಳೆಯುತ್ತಿದ್ದರು. ಮೂರು ಬಳೆಗಳು ಎಲ್ಲಿ ಕೂಡಿದವೋ ಅಲ್ಲಿ ಅರಿಶಿನದ ಚುಕ್ಕಿ. ಚುಕ್ಕಿ ಎಲ್ಲಿ ಬಿತ್ತೋ ಅಲ್ಲಿ ನೀನಿದ್ದೀಯ. ಇಲ್ಲ ಸ್ವಾಮಿ, ನಾನು ಇಲ್ಲೇ ಇದ್ದೀನಿ ಅಂತ ಎದೆ ಎದೆ ತಟ್ಟಿಕೊಂಡರೂ ಕೇಳುವವರಿಲ್ಲ.

ಹಾಗಂತ ಬುರುಜು ಕಟ್ಟಿದವರು ಕೆಟ್ಟವರೇನಲ್ಲ. ಒಂದಾನೊಂದು ಕಾಲದಲ್ಲಿ ಆ ಸೀಮೆಯಲ್ಲಿ ಧೂಳುಗಾಳಿ ಎದ್ದಿತೆಂದರೆ ತನ್ನ ಅಂಗಳದಲ್ಲೇ ಮನುಷ್ಯ ದಾರಿ ತಪ್ಪುತ್ತಿದ್ದ. ತಪ್ಪಿದವರನ್ನು ಹುಡುಕಿ ತರಲಿ ಅಂತ ಕಟ್ಟಿದ ಬುರುಜು ಅವು. ಆಗ ಚುಕ್ಕಿ ಇಡುತ್ತಿರಲಿಲ್ಲ. ಬಳೆಗಳು ಕೂಡಿದ ಕಡೆ ಒಂದು ಮೊರ ಬೋರಲು ಹಾಕಿ, "ಸುಮಾರು ಇಲ್ಲಿ, ಹೋಗಿ ಹುಡುಕ್ರಪ್ಪಾ" ಅನ್ನುತ್ತಿದ್ದರು. ಜನ ದೀಟಿಗೆ ಹಿಡಿದು ಮೊರದಷ್ಟಗಲದ ಸೀಮೆಯನ್ನೆಲ್ಲ ತಡಕಿ ಹುಡುಕಿ ತರುತ್ತಿದ್ದರು. ಧೂಳುಗಾಳಿ ನಿಂತು ಎಷ್ಟೋ ಕಾಲವಾಯಿತು. ಮೊರ ನೋಡಲು ಚೆಂದವಿಲ್ಲ ಅಂತ ಯಾರೋ ಒಬ್ಬ ಯಜಮಾನ ಅದನ್ನು ತೆಗೆಸಿ ಚುಕ್ಕಿ ಇಡಿಸಿದ. ಅದರ ಜೊತೆಗೇ ಆ 'ಸುಮಾರು' ಅನ್ನುವ ಮಾತೂ ಉದುರಿಹೋಯಿತು. ಉದುರಿದ್ದನ್ನು ಯಾರೂ ನೋಡಲಿಲ್ಲ.

ಆಮೇಲೆ ಊರವರಿಗೆ ಒಂದು ಮರ್ಯಾದೆ ಹುಟ್ಟಿಕೊಂಡಿತು ನೋಡಿ, ನಗಬೇಕೋ ಅಳಬೇಕೋ. ಚುಕ್ಕಿ ಬೇರೆ ಕಡೆ ಬಿದ್ದರೆ ಬುರುಜಿನ ಮಾನ ಹೋಗಬಾರದಲ್ಲ, ಅದಕ್ಕೆ ಓಡಿಹೋಗಿ ಅಲ್ಲಿ ಒಂದು ಗಳಿಗೆ ನಿಂತು ಬರುತ್ತಿದ್ದರು. ಒಬ್ಬ ಮದುಮಗನ ಚುಕ್ಕಿ ಮುಹೂರ್ತದ ಹೊತ್ತಿಗೆ ತೊಗಲು ಹದ ಮಾಡುವ ಹೊಂಡದ ಹತ್ತಿರ ಬಿತ್ತು. ಇಡೀ ದಿಬ್ಬಣ ಮೂಗು ಮುಚ್ಚಿಕೊಂಡು ಅಲ್ಲಿಗೇ ಹೋಗಿ ಧಾರೆ ಎರೆಯಿತು. ಒಬ್ಬ ಮುದುಕನ ಚುಕ್ಕಿ ಕೆರೆಯ ನಡುವೆ ಬಿತ್ತು. ಆ ಪುಣ್ಯಾತ್ಮ ಕುತ್ತಿಗೆಮಟ್ಟ ನೀರಲ್ಲಿ ನಿಂತು, ಜ್ವರ ಬಂದು ಮಲಗಿ, "ಸದ್ಯ, ಮರ್ಯಾದೆ ಉಳಿಯಿತು" ಅಂದ.

ಇಂಥ ಊರಿನಲ್ಲಿ ಒಬ್ಬ ಕೌದಿಯವಳಿದ್ದಳು.

ಹರಿದ ಸೀರೆ, ಸವೆದ ಪಂಚೆ, ಯಾರು ಏನು ತಂದು ಹಾಕಿದರೂ ತುಂಡಿಗೆ ತುಂಡು ಸೇರಿಸಿ ಕೌದಿ ಹೊಲಿಯುವುದು ಅವಳ ಕಸುಬು. ಗಂಡ ನೀರು ಹೊರುವವನು. ಬಲು ಸಾಧು. ಚುಕ್ಕಿ ಎಲ್ಲಿ ಬಿದ್ದರೂ ಕೊಡಪಾನ ಹೊತ್ತುಕೊಂಡೇ ಅಲ್ಲಿಗೆ ಓಡುತ್ತಿದ್ದ. ಅವರ ಮನೆ ಬಡಗಣ ಅಂಚಿನ ಬಂಡೆಗೇರಿಯ ಕೊನೆಗಿತ್ತು. ಕೇರಿಯ ಹಿಂದೆ ಬೋಳುಬಂಡೆಯೊಂದು ಗೋಡೆಯ ಹಾಗೆ ನಿಂತಿತ್ತು. ಮನೆಯೊಳಗಿಂದ ಕೂಗಿದರೆ ದನಿ ಆ ಬಂಡೆಗೆ ಬಡಿದು, ಸುತ್ತಿ ಬಳಸಿ, ಎಲ್ಲಿಂದಲೋ ಎದ್ದು ಬಂದ ಹಾಗೆ ಕೇಳುತ್ತಿತ್ತು. ಕೇರಿಯವರು ಇದನ್ನು ಬಲ್ಲರು. ಅದಕ್ಕೇ ಕೂಗಿನ ಹೊತ್ತಿಗೆ ಎಲ್ಲರೂ ಕೇರಿಯ ಬಾಯಿಗೆ ಬಂದು, ಬಂಡೆಗೆ ಬೆನ್ನು ಹಾಕಿ ನಿಂತು ಓ ಅನ್ನುತ್ತಿದ್ದರು.

ಕೌದಿಯವಳಿಗೆ ಬಹಳ ಕಾಲಕ್ಕೆ ಒಂದು ಹೆಣ್ಣುಕೂಸು ಹುಟ್ಟಿತು. ಪುರುಡು ಕಳೆದ ಬೆಳಿಗ್ಗೆ ಕೂಸಿಗೆ ಮೊದಲ ಕೂಗು. ಅದು ಊರಿನ ಶಾಸ್ತ್ರ. ಮೊದಲ ಕೂಗು ಮುಗಿಯುವವರೆಗೆ ಕೂಸು ಹೊಸಲು ದಾಟಬಾರದು. ಬುರುಜು ಕೂಗಿದಾಗ ಕೂಸು ಅತ್ತರೆ ಆ ಅಳುವೇ ಅದರ ಓ. ಆ ಅಳುವಿಗೆ ಚುಕ್ಕಿ ಎಲ್ಲಿ ಬೀಳುತ್ತದೋ ಅದೇ ಅದರ ಮನೆ. ನಡೆದಾಡಿ ತಾನೇ ಓ ಅನ್ನುವವರೆಗೆ ಕೂಸು ಅಲ್ಲೇ ಬೆಳೆಯಬೇಕು. ಸಾಮಾನ್ಯವಾಗಿ ಚುಕ್ಕಿ ಹುಟ್ಟಿದ ಮನೆಯ ಮೇಲೇ ಬೀಳುತ್ತಿತ್ತು. ಹಾಗಾಗಿ ಯಾರೂ ಆ ಶಾಸ್ತ್ರದ ಬಗ್ಗೆ ತಲೆ ಕೆಡಿಸಿಕೊಂಡಿರಲಿಲ್ಲ. ಬಂಡೆಗೇರಿಯ ಕೊನೆಯ ಮನೆಯಲ್ಲಿ ಅಷ್ಟರವರೆಗೆ ಕೂಸೇ ಹುಟ್ಟಿರಲಿಲ್ಲ.

ಬುರುಜುಗಳು ಕೂಗಿದವು. "ಕೌದಿಯವಳ ಕೂಸೇ, ಎಲ್ಲಿದ್ದೀ..."

ಸೂಲಗಿತ್ತಿ ಅಜ್ಜಿ ಕೂಸಿನ ಅಂಗಾಲನ್ನು ಮೆಲ್ಲಗೆ ಚಿವುಟಿದಳು. ಕೂಸು ಕಿಟಾರನೆ ಅತ್ತಿತು. ಕೌದಿಯವಳು ನಕ್ಕಳು. ಅವಳ ಗಂಡನೂ ನಕ್ಕ. ಎಳೆಯ ದನಿ ಹಿಂಬಾಗಿಲಿಂದ ಹೊರಟು ಬಂಡೆಗೆ ಬಡಿದು ಹೋಯಿತು. ಚಾವಡಿಯಲ್ಲಿ ಬಳೆ ಎಳೆದರು, ಚುಕ್ಕಿ ಇಟ್ಟರು. ಚುಕ್ಕಿ ಉಪ್ಪಿನ ಕೋಠಿಯ ಮೇಲೆ ಬಿತ್ತು.

ಉಪ್ಪಿನ ಕೋಠಿ ಅಂದರೆ ಊರಿನ ಉಪ್ಪೆಲ್ಲ ರಾಶಿ ಹಾಕಿಟ್ಟ ದೊಡ್ಡ ಕಲ್ಲುಕಟ್ಟಡ. ಕಿಟಕಿ ಇಲ್ಲ, ಬಾಗಿಲಿಗೆ ಬೀಗ, ಬೀಗಕ್ಕೊಬ್ಬ ಕಾವಲಿನವನು. ಒಳಗೆ ಜನವೇ ಇಲ್ಲ.

ಚಾವಡಿಯಿಂದ ಬುರುಜಿನ ಯಜಮಾನ ಬಂದ. ಹಿಂದೆ ಊರವರು ಬಂದರು. ಯಜಮಾನನ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ, ಬೀಗರ ಮನೆಗೆ ಬಂದವನಂತೆ ನಗುನಗುತ್ತಲೇ ಹೇಳಿದ.

"ಕೌದಿಯವಳೇ, ಕೂಸು ಉಪ್ಪಿನ ಕೋಠಿಯಲ್ಲಿದೆ. ಕರೆದುಕೊಂಡು ಹೋಗೋಕೆ ಬಂದಿದ್ದೀವಿ."

"ಕೋಠಿಯಲ್ಲಿದೆಯಾ? ಹಾಗಾದರೆ ನನ್ನ ಮಡಿಲಲ್ಲಿ ಇರೋದೇನು ಯಜಮಾನರೇ, ಕುಂಬಳಕಾಯಾ?"

"ಅದು ನಮಗೆ ಗೊತ್ತಿಲ್ಲ ತಾಯಿ. ಬುರುಜು ಹೇಳಿದ್ದು ನಮಗೆ ಗೊತ್ತು."

"ಬಂಡೆಗೆ ಬಡಿದು ದನಿ ತಿರುಗಿದೆ. ಈ ಕೇರಿಯಲ್ಲಿ ಎಲ್ಲರಿಗೂ ಗೊತ್ತು. ಕೇಳಿ ಬೇಕಾದರೆ."

ಯಜಮಾನ ಕೇರಿಯವರ ಕಡೆ ತಿರುಗಿದ. ಕೇರಿಯವರು ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ಗೊತ್ತು ಅಂದುಬಿಟ್ಟರೆ ಇಷ್ಟು ಕಾಲ ತಾವು ಬಂಡೆಗೆ ಬೆನ್ನು ಹಾಕಿ ನಿಂತದ್ದಕ್ಕೂ ಲೆಕ್ಕ ಹೇಳಬೇಕಾಗುತ್ತದಲ್ಲ! ಸೂಲಗಿತ್ತಿ ಅಜ್ಜಿ ಮಾತ್ರ ಮುಂದೆ ಬಂದು, "ನಮ್ಮಜ್ಜಿ ಕಾಲದಲ್ಲಿ ಸುಮಾರು ಅಂತಿದ್ದರು ಕಣಪ್ಪಾ, ಮೊರ ಹಾಕ್ತಿದ್ದರು" ಅಂದಳು. "ಅಜ್ಜೀ, ಕೂಸುಗಳನ್ನು ಮೊರದಲ್ಲಿ ಹುಡುಕುವ ಕಾಲ ಹೋಯಿತು" ಅಂದ ಯಜಮಾನ. ಎಲ್ಲರೂ ನಕ್ಕರು.

ಕೂಸನ್ನು ಎತ್ತಿಕೊಂಡು ಹೋದರು. ಕೌದಿಯವಳು ಗಂಡನ ಮುಖ ನೋಡಿದಳು. ಅವನು ಕೊಡಪಾನ ಹಿಡಿದು ನಿಂತಿದ್ದ. ಕಣ್ಣಲ್ಲಿ ನೀರು ಬಳಬಳ ಸುರಿಯುತ್ತಿತ್ತು, ಕಾಲು ಮಾತ್ರ ಕಿತ್ತಿಡಲಿಲ್ಲ.

ಅವಳೂ ಮೊದಲು ಊರಿನ ದಾರಿಯಲ್ಲೇ ನಡೆಯಲು ನೋಡಿದಳು. ಸುಮ್ಮನೆ ಹೇಳಬಾರದು. ಕಾವಲಿನವನನ್ನು ಬಿಟ್ಟರೆ ಉಪ್ಪಿನ ಕೋಠಿಯೊಳಗೆ ಹೋಗಲು ಯಾರ ಚುಕ್ಕಿ ಅಲ್ಲಿ ಬೀಳುತ್ತದೋ ಅವರಿಗೆ ಮಾತ್ರ ಅಪ್ಪಣೆ. ಸರಿ, ನನ್ನ ಚುಕ್ಕಿಯನ್ನೂ ಅಲ್ಲೇ ಬೀಳಿಸುತ್ತೇನೆ ಅಂದುಕೊಂಡು ಹಸಿ ಮೈಯಲ್ಲೇ ಓಡಿಹೋಗಿ ಕೋಠಿಯ ಬಾಗಿಲಿಗೆ ಬೆನ್ನು ಒತ್ತಿ ನಿಂತಳು. ಒಳಗೆ ಕೂಸು ಅಳುವುದು ಸಣ್ಣಗೆ ಕೇಳಿಸುತ್ತಿತ್ತು. ಕಾವಲಿನವನು ಬಟ್ಟೆಯ ಬತ್ತಿಯನ್ನು ಮೇಕೆ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟಿದ್ದನಂತೆ, ಕೂಸು ಉಗುಳಿಬಿಟ್ಟಿತ್ತಂತೆ.

ಹೊತ್ತು ನೆತ್ತಿಗೇರಿತು. "ಕೌದಿಯವಳೇ, ಎಲ್ಲಿದ್ದೀ..."

"ಓ..." ಅಂದಳು. ಗಂಟಲು ಹರಿಯುವ ಹಾಗೆ, ಹೊಕ್ಕುಳಿಂದ ಎಳೆದು ಅಂದಳು.

ಆದರೆ ಕೋಠಿಯ ಎದುರಿಗೇ ಎತ್ತರದ ಹುಲ್ಲಿನ ಬಣವೆ. ಅವಳ ಅರ್ಧ ದನಿಯನ್ನು ಅದು ನುಂಗಿಕೊಂಡಿತು. ಚಾವಡಿಯಲ್ಲಿ ಚುಕ್ಕಿ ಗಾಣದ ಮನೆಯ ಮೇಲೆ ಬಿತ್ತು.

"ಬಾಗಿಲು ತೆಗಿಯಪ್ಪಾ" ಅಂದಳು ಕಾವಲಿನವನಿಗೆ. "ಕೂಸು ಬೆಳಿಗ್ಗೆಯಿಂದ ಬಾಯಿಗೆ ಏನೂ ಇಟ್ಟಿಲ್ಲ."

"ನೀನು ಇಲ್ಲಿಲ್ಲ ಕಣಮ್ಮಾ. ಗಾಣದ ಮನೆಯಲ್ಲಿದ್ದೀಯ. ಈಗಷ್ಟೇ ಡಂಗುರ ಆಯಿತು."

"ನಾನು ಇಲ್ಲಿಲ್ಲ ಅಂದರೆ ನೀನು ಮಾತಾಡ್ತಾ ಇರೋದು ಯಾರ ಜೊತೆ?"

ಕಾವಲಿನವನು ಬೀಗ ಮುಟ್ಟಿ ನೋಡಿದ. ಕೆಟ್ಟ ಮನುಷ್ಯನಲ್ಲ ಅವನು. "ಅದನ್ನೆಲ್ಲ ನನ್ನ ಕೇಳಬೇಡ ತಾಯಿ. ಗಾಣದ ಮನೆಗೆ ಹೋಗು. ಅಲ್ಲಿ ನೆರಳಿದೆ, ಒಂದು ಗಳಿಗೆ ಕೂತು ಹೋಗು" ಅಂದ.

ಅವಳಿಗೆ ಆ ಕ್ಷಣದಲ್ಲಿ ರೋಷ ಉಕ್ಕಿ ಬಂತು. ಇಷ್ಟು ದಿನ ಎಷ್ಟು ಸಾರಿ ಓ ಅಂದಿದ್ದೇನೆ! ಒಲೆಯ ಮುಂದಿಂದ, ಬಾವಿಯ ಕಟ್ಟೆಯಿಂದ, ಹೆರಿಗೆ ನೋವಿನ ನಡುವಿನಿಂದ. ನೋವು ತಿನ್ನುತ್ತಿದ್ದಾಗಲೂ ಹಲ್ಲು ಕಚ್ಚಿ ಓ ಅಂದಿದ್ದೇನೆ. ನಾನು ಕೊಟ್ಟ ಓ ಹಿಡಿದುಕೊಂಡೇ ಅಲ್ಲವೇ ಇವರು ನನ್ನನ್ನು ಅಲ್ಲಿ ಇಲ್ಲಿ ನಿಲ್ಲಿಸಿದ್ದು? ನಾನು ಕೊಡದಿದ್ದರೆ ಇವರು ಯಾವುದರಿಂದ ಬಳೆ ಎಳೆಯುತ್ತಾರೆ?

ಗಾಣದ ಮನೆಗೆ ಅವಳು ಹೋಗಲಿಲ್ಲ. ಸೀದಾ ತನ್ನ ಮನೆಗೆ ಬಂದು, ಪಡಸಾಲೆಯಲ್ಲಿ ಅರ್ಧ ಹೊಲಿದಿಟ್ಟಿದ್ದ ಕೌದಿ ಹರವಿಕೊಂಡು ಕೂತಳು. ಸೂಜಿ ಹಾಕಿದಳು, ಎಳೆದಳು. ಹಾಕಿದಳು, ಎಳೆದಳು. ಬಿಸಿಲು ಜಗಲಿಯಿಂದ ಇಳಿಯುವವರೆಗೂ ಹೊಲಿದಳು. ಗಂಡ ಗಂಜಿ ತಂದಿಟ್ಟ, ಕುಡಿಯಲಿಲ್ಲ.

ಹೊತ್ತು ಇಳಿಯಿತು. ಕೇರಿಯವರೆಲ್ಲ ಕೇರಿಯ ಬಾಯಿಗೆ ಹೋಗಿ ಬಂಡೆಗೆ ಬೆನ್ನು ಹಾಕಿ ನಿಂತರು. ಅವಳು ಕೂತಲ್ಲಿಂದ ಏಳಲಿಲ್ಲ.

"ಕೌದಿಯವಳೇ, ಎಲ್ಲಿದ್ದೀ..." ಅಂದಿತು ಮೂಡಲ ಬುರುಜು.

ಅವಳು ಸೂಜಿ ಹಾಕಿದಳು, ಎಳೆದಳು.

"ಕೌದಿಯವಳೇ, ಎಲ್ಲಿದ್ದೀ..." ಅಂದಿತು ಪಡುವಣ ಬುರುಜು.

ಗಂಡ ಓಡಿ ಬಂದ. "ಏ, ಕೇಳಿಸಲಿಲ್ಲವೇನೇ? ನಿನ್ನೇ ಕೂಗ್ತಾ ಇದ್ದಾರೆ. ಓ ಅನ್ನೇ! ನಿನ್ನ ದಮ್ಮಯ್ಯ ಅಂತೀನಿ, ಒಂದು ಸಲ ಓ ಅಂದುಬಿಡೇ!"

ಆ ಊರಿನಲ್ಲಿ ಸತ್ತವರು ಮಾತ್ರ ಓ ಅನ್ನುತ್ತಿರಲಿಲ್ಲ. ಓಗೊಡದವರ ಚುಕ್ಕಿ ಅಳಿಸಿಬಿಡುತ್ತಿದ್ದರು. ಚುಕ್ಕಿ ಅಳಿದವರನ್ನು ಯಾರೂ ನೋಡುವ ಹಾಗಿಲ್ಲ, ಮಾತಾಡಿಸುವ ಹಾಗಿಲ್ಲ, ತಟ್ಟೆಯಿಟ್ಟು ಬಡಿಸುವ ಹಾಗಿಲ್ಲ. ಜೀವ ಇದ್ದವರು ಯಾರೂ ಹಾಗೆ ಸುಮ್ಮನಿದ್ದದ್ದೇ ಇಲ್ಲ. ಗಂಟಲು ಕಟ್ಟಿದವರು ಕೂಡ ತಟ್ಟೆ ಬಡಿದೋ ಶಿಳ್ಳೆ ಹಾಕಿಯೋ ಹೇಗೋ ಓಗೊಡುತ್ತಿದ್ದರು.

"ಕೌದಿಯವಳೇ, ಎಲ್ಲಿದ್ದೀ..." ಅಂದಿತು ತೆಂಕಣ ಬುರುಜು. ಆ ಕೂಗಿನಲ್ಲಿ ಸ್ವಲ್ಪ ಗಾಬರಿಯಿತ್ತು.

ಅವಳ ಗಂಟಲಿಗೆ ಓ ತಾನಾಗಿಯೇ ಬಂದು ನಿಂತಿತ್ತು. ಹುಟ್ಟಿದಾಗಿನಿಂದ ಆದ ಅಭ್ಯಾಸ, ಬಿಟ್ಟೀತೇ? ಕೌದಿಯ ಅಂಚನ್ನು ಬಾಯಿಗೆ ತುರುಕಿಕೊಂಡು ಹಲ್ಲಲ್ಲಿ ಕಚ್ಚಿ ಹಿಡಿದಳು. ಕಣ್ಣಿಂದ ನೀರು ಬಂತು. ತುಟಿ ಮಾತ್ರ ಪಿಟಕ್ಕೆನ್ನಲಿಲ್ಲ.

ಚಾವಡಿಯಲ್ಲಿ ಒದ್ದೆ ಬಟ್ಟೆ ತೆಗೆದುಕೊಂಡು ಅವಳ ಚುಕ್ಕಿ ಒರೆಸಿದರು.

ಡಂಗುರ ಬಿದ್ದದ್ದೇ ತಡ, ಗಂಡ ಗೋಡೆಗೆ ಒರಗಿ ಕುಸಿದ. ಅವಳು ಎದ್ದು, ಕೌದಿ ಹೆಗಲಿಗೆ ಹಾಕಿಕೊಂಡು ಬೀದಿಗೆ ಇಳಿದಳು. ಕೇರಿಯವರು ಅವಳನ್ನು ನೋಡಿದರು, ಥಟ್ಟನೆ ನೋಡದಂತಾದರು. ಒಬ್ಬಳು ಅವಳ ಕಡೆ ನೋಡುತ್ತಲೇ "ಅಯ್ಯೋ ಪಾಪ, ಎಂಥ ಒಳ್ಳೆಯ ಹೆಂಗಸು, ಹೋಗಿಬಿಟ್ಟಳಲ್ಲ" ಅಂತ ಅತ್ತಳು. ಕೌದಿಯವಳಿಗೆ ನಗು ಬಂತು. ಸತ್ತ ಮೇಲೆ ಎಷ್ಟು ಹಗುರ! ಬೀದಿಯ ನಡುವೆ ನಡೆದಳು. ಅಡ್ಡ ಬಂದ ಗಾಡಿಯವನು ಯಾಕೋ ಎತ್ತಿನ ಹಗ್ಗ ಎಳೆದು ನಿಲ್ಲಿಸಿ, ಯಾಕೆ ನಿಲ್ಲಿಸಿದೆ ಅಂತ ತನಗೇ ಗೊತ್ತಿಲ್ಲದವನ ಹಾಗೆ ಆಕಾಶ ನೋಡಿದ.

ಕೋಠಿಯ ಕಾವಲಿನವನು ಅವಳು ಬರುವುದನ್ನು ಕಂಡ. ಕಕ್ಕಾಬಿಕ್ಕಿಯಾದ. ಅವಳು ಹತ್ತಿರ ಬಂದು ಅವನ ಸೊಂಟದಲ್ಲಿ ಸಿಕ್ಕಿಸಿದ್ದ ಬೀಗದಕೈ ಎಳೆದುಕೊಂಡಳು.

"ಎಂಥ ಗಾಳಿ ಬೀಸ್ತಾ ಇದೆ ಇವತ್ತು" ಅಂದ ಕಾವಲಿನವನು, ಬಣವೆಯ ಕಡೆ ಮುಖ ಮಾಡಿ.

"ಹೌದಪ್ಪಾ, ಜೋರು ಗಾಳಿ" ಅಂದಳು ಅವಳು, ಬೀಗ ತೆಗೆದಳು.

ಒಳಗೆ ಉಪ್ಪಿನ ರಾಶಿಗಳು ಸಾಲಾಗಿ ಬೆಳ್ಳಗೆ ನಿಂತಿದ್ದವು. ಅವುಗಳ ನಡುವೆ ಒಂದು ಹೊಸ ತೊಟ್ಟಿಲು. ತೊಟ್ಟಿಲಿಗೆ ಹೂವು ಕಟ್ಟಿದ್ದರು, ಅಚ್ಚುಕಟ್ಟಾಗಿ. ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ, ತುಟಿ ಒಣಗಿ ಬಿರಿದಿದ್ದವು. ಅದನ್ನು ಕಂಡದ್ದೇ ತಡ ಅವಳ ಎದೆ ಬಿಗಿದು ಸೆರಗೆಲ್ಲ ಒದ್ದೆಯಾಯಿತು. ಕೂಸನ್ನು ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ಹೊರಗೆ ಬಂದಳು.

ಅಷ್ಟರಲ್ಲಿ ಯಾರೋ ಹೇಳಿ, ಯಜಮಾನ ಊರ ಜನರ ಜೊತೆ ಬಂದು ದಾರಿಗೆ ಅಡ್ಡ ನಿಂತಿದ್ದ. ಅವನ ಮುಖದಲ್ಲಿ ಈಗ ನಗು ಇರಲಿಲ್ಲ. ಹಿಡೀರಿ ಅವಳನ್ನ ಅನ್ನಲು ಬಾಯಿ ತೆಗೆದ. ಹಾಗೇ ಮುಚ್ಚಿದ. ಹಿಡೀರಿ ಅಂದರೆ ಇದ್ದಾಳೆ ಅಂದ ಹಾಗಾಗುತ್ತದೆ. ಬುರುಜು ಹೇಳದ ಕಡೆಯೂ ಮನುಷ್ಯರು ಇರಬಹುದು ಅಂತ ಊರೆದುರು ಒಪ್ಪಿದ ಹಾಗಾಗುತ್ತದೆ.

"ಇಲ್ಲಿ ಯಾರೂ ಇಲ್ಲ" ಅಂದ, ಜನರಿಗೆ ಕೇಳುವಂತೆ.

"ಸರಿಯಾಗಿ ಹೇಳಿದಿರಿ ಯಜಮಾನರೇ. ಯಾರೂ ಇಲ್ಲ. ದಾರಿ ಬಿಡಿ, ಇಲ್ಲದವಳು ಹೋಗಬೇಕು."

ಜನರ ನಡುವೆ ಯಾರೋ ಕಿಸಕ್ಕನೆ ನಕ್ಕರು. ಯಜಮಾನನ ಕುತ್ತಿಗೆಯ ನರ ಉಬ್ಬಿತು. ತಿರುಗಿ ಬುರುಜುಗಳ ಕಡೆ ಕೈಯೆತ್ತಿ ಕಿರುಚಿದ. "ಕೂಸಿನ ಚುಕ್ಕಿ ಇನ್ನೂ ಇದೆ! ಕೂಗ್ರೋ ಕೂಸನ್ನ! ಹಸಿದ ಕೂಸು, ಅತ್ತೇ ಅಳುತ್ತೆ. ಚುಕ್ಕಿ ಎಲ್ಲಿ ಬಿದ್ದರೆ ಅಲ್ಲಿಗೆ ತಗೊಂಡು ಹೋಗ್ತೀವಿ. ಬಾವಿಯಲ್ಲಿ ಬಿದ್ದರೆ ಬಾವಿಗೆ!"

ಕೌದಿಯವಳು ಕೂಸನ್ನು ಅವಚಿಕೊಂಡಳು. ತನ್ನ ಬಾಯಿಯನ್ನಾದರೆ ಮುಚ್ಚಿಕೊಂಡಾಳು. ಎಳೆಗೂಸಿಗೆ ಸುಮ್ಮನಿರು ಅಂದರೆ ಕೇಳೀತೇ? ಕಂಬಳಿಯಂಥ ದಪ್ಪ ಕೌದಿಯೊಳಗೆ ಕೂಸು ಆಗಲೇ ಮಿಸುಕಾಡಿ, ಮುಖ ಕಿವುಚಿ, ಅಳಲು ಉಸಿರೆಳೆದುಕೊಳ್ಳುತ್ತಿತ್ತು. ಮೂಡಲ ಬುರುಜಿನವನು ಕೂಗಲು ಎದ್ದು ನಿಂತದ್ದು ಕಾಣಿಸಿತು.

ಅವಳು ಅಲ್ಲೇ, ನಡುಬೀದಿಯ ಧೂಳಿನಲ್ಲಿ, ಯಜಮಾನನ ಕಾಲಬುಡದಲ್ಲೇ ಚಕ್ಕಂಬಕ್ಕಳ ಹಾಕಿ ಕೂತಳು. ಸೆರಗು ಮರೆ ಮಾಡಿ ಕೂಸನ್ನು ಎದೆಗೆ ಹಚ್ಚಿದಳು.

"ಕೌದಿಯವಳ ಕೂಸೇ, ಎಲ್ಲಿದ್ದೀ..."

ಕೂಸು ಮೊಲೆ ಹಿಡಿಯಿತು. ಒಂದು ಗುಟುಕು. ಇನ್ನೊಂದು ಗುಟುಕು.

"ಎಲ್ಲಿದ್ದೀ..."

ಊರವರು ಕತ್ತು ಚಾಚಿ ನೋಡಿದರು. ಗುಟುಕರಿಸುವ ಸದ್ದು ಮುಂದಿನ ಸಾಲಿನವರಿಗೆ ಕೇಳಿಸಿತು. ಬುರುಜಿನವರೆಗೆ ಅದು ಹೋಗಲಿಲ್ಲ.

"ಎಲ್ಲಿದ್ದೀ... ಎಲ್ಲಿದ್ದೀ..." ಮೂರೂ ಬುರುಜುಗಳು ಒಟ್ಟಿಗೇ ಕೂಗತೊಡಗಿದವು. ಕಿವಿಯವರು ಕಣ್ಣಿನ ಬಟ್ಟೆ ಕಿತ್ತೆಸೆದು, ಬುರುಜಿನ ಅಂಚಿಗೆ ಬಂದು, ಬಗ್ಗಿ ಬಗ್ಗಿ ಕೆಳಗೆ ನೋಡುತ್ತಿದ್ದರು.

ನೀರು ಹೊರುವವನು ಜನರನ್ನು ಸೀಳಿಕೊಂಡು ಬಂದ. ಅವನ ಚುಕ್ಕಿ ಅವತ್ತು ಊರಾಚೆಯ ಹುಣಿಸೆ ಮರದ ಕೆಳಗೆ ಬಿದ್ದಿತ್ತು, ಎಲ್ಲರಿಗೂ ಗೊತ್ತಿತ್ತು. ಹೆಂಡತಿಯ ಪಕ್ಕದಲ್ಲಿ ಧೂಳಿನಲ್ಲೇ ಕೂತ.

"ಇಷ್ಟೊಂದು ಕೂಗ್ತಾ ಇದ್ದಾರಲ್ಲೇ" ಅಂದ.

"ಕೂಗಲಿ ಬಿಡಿ" ಅಂದಳು ಕೌದಿಯವಳು. "ಕೂಸು ಉಣ್ತಾ ಇದೆ."